ಪೆಟ್ಟಿಗೆಯ ಮೇಲೆ ಅಪ್ಪನ ಹೆಸರು

ಆ ಹುಡುಗನಿಗೆ ಅಪ್ಪನ ನೆನಪು ಅಂತ ಸ್ಪಷ್ಟವಾಗಿ ಉಳಿದದ್ದು ಒಂದೇ ಒಂದು. ಮನೆಯಲ್ಲಿ ಊರಿಗೆ ಹೊರಡುವ ಗಡಿಬಿಡಿ. ಅಪ್ಪ ಕುಂಚ ಹಿಡಿದು ಪ್ರಯಾಣದ ಪೆಟ್ಟಿಗೆಯ ಮುಚ್ಚಳದ ಮೇಲೆ ಹೆಸರು ಬರೆಯುತ್ತಿದ್ದಾನೆ: ‘ಎ. ಆರ್. ಟೋಲ್ಕಿನ್’. ಅದು 1895ರ ಏಪ್ರಿಲ್. ಹುಡುಗನಿಗೆ ಮೂರು ವರ್ಷ, ಮೇಲೆ ಮೂರು ತಿಂಗಳು. ಅಮ್ಮ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿದಳು. ಹೆಸರು ಬರೆದವನು ಬ್ಯಾಂಕಿನ ಕೆಲಸ ಬಿಟ್ಟು ಬರಲಾಗದೆ ಹಿಂದೆ ಉಳಿದ. ಆಮೇಲೆ ಅವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಅಟ್ಟ ಹತ್ತಿದ್ದೆ. ನಮ್ಮ ಅಪ್ಪನೂ ಬ್ಯಾಂಕಿನವರು. ಕರಾವಳಿಯಲ್ಲಿ ಹುಟ್ಟಿ ದೇಶವೆಲ್ಲ ಹಬ್ಬಿದ ಬ್ಯಾಂಕುಗಳಲ್ಲಿ ಒಂದರಲ್ಲಿ ಗುಮಾಸ್ತರಾಗಿ ಸೇರಿ ಮ್ಯಾನೇಜರಾಗಿ ನಿವೃತ್ತರಾದವರು. ಮೂರು ವರ್ಷಕ್ಕೊಮ್ಮೆ ವರ್ಗ. ನಮ್ಮ ಕಪ್ಪು ತಗಡಿನ ಟ್ರಂಕು ಅಟ್ಟದಲ್ಲಿ ಇನ್ನೂ ಇದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಇನಿಷಿಯಲ್ಲು, ಹೆಸರು, ಅದರ ಕೆಳಗೆ ಊರು. ಪ್ರತಿ ವರ್ಗಕ್ಕೂ ಹಳೆಯ ಊರಿನ ಮೇಲೆ ಕಪ್ಪು ಬಳಿದು ಹೊಸ ಊರು ಬರೆದದ್ದರಿಂದ ಆ ಜಾಗದಲ್ಲಿ ಬಣ್ಣ ಹೊಪ್ಪಳೆಯ ಹಾಗೆ ಕಟ್ಟಿಕೊಂಡಿದೆ. ಬೆರಳಾಡಿಸಿದರೆ ಅಡಿಯ ಅಕ್ಷರಗಳ ಉಬ್ಬು ಕೈಗೆ ತಗಲುತ್ತದೆ. ಯಾವ ಊರು ಅಂತ ಓದಲಾಗುವುದಿಲ್ಲ, ಯಾವುದೋ ಊರು ಇತ್ತು ಅನ್ನುವುದು ಮಾತ್ರ ಗೊತ್ತಾಗುತ್ತದೆ.

ಪೆಟ್ಟಿಗೆಯನ್ನು ನೆನಪಿಟ್ಟುಕೊಂಡ ಆ ಹುಡುಗ ಮುಂದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಜೆ. ಆರ್. ಆರ್. ಟೋಲ್ಕಿನ್. ಅವನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅವನ ಅಪ್ಪ ಆರ್ಥರ್ ಟೋಲ್ಕಿನ್ ಆ ಜೀವನಚರಿತ್ರೆಗಳ ಮೊದಲ ಅಧ್ಯಾಯದಲ್ಲಿ ಬಂದು ಅಲ್ಲೇ ಮುಗಿದುಹೋಗುತ್ತಾನೆ. ನನಗೆ ಮಾತ್ರ ಮಗನಿಗಿಂತ ಈ ಬ್ಯಾಂಕ್ ಮ್ಯಾನೇಜರನೇ ಹತ್ತಿರದವನು. ಪರದೇಶದ ಒಂದು ಬ್ರಾಂಚು, ಬ್ಯಾಂಕೇ ಕೊಟ್ಟ ಮನೆ, ಸೆಖೆಗೆ ಹೊಂದಿಕೊಳ್ಳದ ಮಗು, ಮುಂದಕ್ಕೆ ಹೋಗುತ್ತಲೇ ಇದ್ದ ರಜೆ. ಇದು ನನಗೆ ಗೊತ್ತಿರುವ ಸಂಸಾರ.

ಆರ್ಥರ್ ಬರ್ಮಿಂಗ್‌ಹ್ಯಾಮಿನವನು. ಹುಟ್ಟಿದ್ದು 1857ರಲ್ಲಿ. ಅಪ್ಪನಿಗೆ ಪಿಯಾನೊ ವ್ಯಾಪಾರವಿತ್ತು. ಅದು ದಿವಾಳಿಯಾಯಿತು. ಹಾಗಾಗಿ ಮಗ ಲಾಯ್ಡ್ಸ್ ಬ್ಯಾಂಕಿನ ಬರ್ಮಿಂಗ್‌ಹ್ಯಾಮ್ ಕಚೇರಿಯಲ್ಲಿ ಕೆಲಸಕ್ಕೆ ಕುಳಿತ. ಕೆಲಸ ಭದ್ರವಾಗಿತ್ತು, ಬಡ್ತಿ ಮಾತ್ರ ಆಮೆವೇಗ. ಅವನಿಗೆ 31 ಆದಾಗ ಮೇಬಲ್ ಸಫೀಲ್ಡ್ ಎಂಬ 18ರ ಹುಡುಗಿಯ ಮೇಲೆ ಮನಸ್ಸಾಯಿತು. ಹುಡುಗಿಯೂ ಒಪ್ಪಿದಳು. ಅವಳ ಅಪ್ಪ ಒಪ್ಪಲಿಲ್ಲ: ಎರಡು ವರ್ಷ ನಿಶ್ಚಿತಾರ್ಥದ ಮಾತೇ ಎತ್ತಬಾರದು ಅಂದುಬಿಟ್ಟ. ಇಬ್ಬರೂ ಕದ್ದು ಕಾಗದ ಬರೆದುಕೊಂಡರು. ಅಂಚೆಯವಳು ಮೇಬಲ್‌ಳ ತಂಗಿ ಜೇನ್. ಸ್ಕೂಲು ಬಿಟ್ಟು ಮನೆಗೆ ರೈಲು ಹಿಡಿಯುವಾಗ ನ್ಯೂ ಸ್ಟ್ರೀಟ್ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಅಕ್ಕನ ಕಾಗದವನ್ನು ಆರ್ಥರ್ ಕೈಗೆ ದಾಟಿಸುತ್ತಿದ್ದಳು.

ಮದುವೆಯಾಗಬೇಕಾದರೆ ಸಂಬಳ ಏರಬೇಕು. ಊರಲ್ಲೇ ಕೂತರೆ ಅದು ಏರುವಂತಿರಲಿಲ್ಲ. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದಲ್ಲಿ ಹಣ ಹರಿದಾಡತೊಡಗಿತ್ತು. ಕಿಂಬರ್ಲಿಯಲ್ಲಿ ಆಗಲೇ ವಜ್ರ ತೆಗೆಯುತ್ತಿದ್ದರು. 1886ರಲ್ಲಿ ವಿಟ್‌ವಾಟರ್ಸ್‌ರಾಂಡಿನಲ್ಲಿ ಚಿನ್ನ ಸಿಕ್ಕಿತು. ಗಣಿ ಇದ್ದಲ್ಲಿ ಸಾಲ ಬೇಕು, ಠೇವಣಿ ಬೀಳುತ್ತದೆ, ಹುಂಡಿ ಓಡಾಡುತ್ತದೆ. ಇಂಗ್ಲಿಷರ ಬ್ಯಾಂಕುಗಳಿಗೆ ಅಲ್ಲಿ ನಂಬಿಕಸ್ಥ ಜನ ಬೇಕಾದರು. 1879ರಲ್ಲಿ ಶುರುವಾಗಿದ್ದ ‘ಬ್ಯಾಂಕ್ ಆಫ್ ಆಫ್ರಿಕ’ದಲ್ಲಿ ಆರ್ಥರನಿಗೆ ಕೆಲಸ ಸಿಕ್ಕಿತು, 1889ರಲ್ಲಿ ಹೊರಟ. ಮೊದಲ ವರ್ಷವೆಲ್ಲ ಕೇಪ್‌ನಿಂದ ಜೊಹಾನ್ಸ್‌ಬರ್ಗ್‌ವರೆಗೆ ಆ ಊರು ಈ ಊರು ಅಂತ ತಾತ್ಕಾಲಿಕ ನೇಮಕಗಳು. 1890ರ ಕೊನೆಗೆ ಆರೆಂಜ್ ಫ್ರೀ ಸ್ಟೇಟಿನ ರಾಜಧಾನಿ ಬ್ಲೂಮ್‌ಫಾಂಟೈನ್ ಬ್ರಾಂಚಿನ ಮ್ಯಾನೇಜರನಾದ. ಮನೆ ಬ್ಯಾಂಕಿನದೇ. ಸಂಬಳವೂ ಸಾಕಷ್ಟು. ಆಗ ಬರ್ಮಿಂಗ್‌ಹ್ಯಾಮಿಗೆ ಕಾಗದ ಹೋಯಿತು.

ಆ ಕಾಲದ ಪರದೇಶಿ ಬ್ಯಾಂಕ್ ನೌಕರನ ಮದುವೆ ಅವನ ಕೈಯಲ್ಲಿ ಇರುತ್ತಿರಲಿಲ್ಲ. ಹಾಂಕಾಂಗ್ ಅಂಡ್ ಶಾಂಘೈ ಬ್ಯಾಂಕಿನಲ್ಲಂತೂ ಪೂರ್ವದೇಶಕ್ಕೆ ಕಳಿಸಿದ ಹುಡುಗರು ಸುಮಾರು ಹತ್ತು ವರ್ಷ ದುಡಿದು, ಬ್ಯಾಂಕಿನ ಒಪ್ಪಿಗೆ ಪಡೆದು ಮದುವೆಯಾಗಬೇಕಿತ್ತು. ಹೆಂಡತಿ ಮಕ್ಕಳು ಅಂದರೆ ದೊಡ್ಡ ಮನೆ, ಹಡಗಿನ ಖರ್ಚು, ಸಾಲ ಮಾಡುವ ಪ್ರಸಂಗ. ಸಾಲ ಮಾಡಿಕೊಂಡವನ ಕೈಗೆ ತಿಜೋರಿಯ ಬೀಗದ ಕೈ ಕೊಡುವುದು ಹೇಗೆ ಅನ್ನುವುದು ಬ್ಯಾಂಕುಗಳ ಲೆಕ್ಕಾಚಾರ. ಆರ್ಥರ್ ಎರಡು ವರ್ಷದೊಳಗೆ ಮ್ಯಾನೇಜರನಾದದ್ದು ಅವನ ಪುಣ್ಯ.

ಮೇಬಲ್‌ಗೆ 1891ರ ಜನವರಿಯಲ್ಲಿ 21 ತುಂಬಿತು. ಮಾರ್ಚಿನಲ್ಲಿ ‘ರೊಸ್ಲಿನ್ ಕಾಸಲ್’ ಹಡಗು ಹತ್ತಿದಳು. ಏಪ್ರಿಲ್ 16ರಂದು ಕೇಪ್‌ಟೌನಿನ ಕೆಥೆಡ್ರಲ್‌ನಲ್ಲಿ ಮದುವೆ. ಅಲ್ಲಿಂದ ಸುಮಾರು 700 ಮೈಲಿ ರೈಲು. ಬ್ಲೂಮ್‌ಫಾಂಟೈನಿಗೆ ರೈಲು ಬಂದು ಆಗಿನ್ನೂ ಕೆಲವೇ ತಿಂಗಳಾಗಿತ್ತು. ‘ಹೂವಿನ ಚಿಲುಮೆ’ ಅನ್ನುವ ಅರ್ಥದ ಹೆಸರು. ಕಂಡದ್ದು ಮಾತ್ರ ಮರವಿಲ್ಲದ ಬಯಲು, ದೂಳು, ಒಂದು ಸಂತೆಚೌಕ, ಊರು ದಾಟಿದ ತಕ್ಷಣ ಶುರುವಾಗುವ ಹುಲ್ಲುಗಾವಲು. ಆರ್ಥರ್ ಆ ಊರನ್ನು ಮೆಚ್ಚಿಕೊಂಡ. ಮೇಬಲ್‌ಗೆ ಅದು ಕೊನೆಯವರೆಗೂ ಹಿಡಿಸಲಿಲ್ಲ.

ಇದರಲ್ಲಿ ನನಗೆ ಯಾರ ತಪ್ಪೂ ಕಾಣುವುದಿಲ್ಲ. ವರ್ಗವಾಗಿ ಹೋದ ಊರಿನಲ್ಲಿ ಗಂಡನಿಗೆ ಕುರ್ಚಿ ಇರುತ್ತದೆ, ನಮಸ್ಕಾರ ಹೇಳುವ ಜನ ಇರುತ್ತಾರೆ. ಹೆಂಡತಿಗೆ ಇರುವುದು ಹೊಸ ಅಡುಗೆಮನೆ ಮತ್ತು ಇಡೀ ಮಧ್ಯಾಹ್ನ. ನಮ್ಮ ಅಮ್ಮ ಪ್ರತಿ ಹೊಸ ಊರಿನಲ್ಲೂ ಮೊದಲ ವಾರ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಹಾಲಿನವನು ಯಾರು, ಮಾತಾಡಲು ಯಾರು ಸಿಗುತ್ತಾರೆ ಅಂತ ಹುಡುಕುತ್ತಿದ್ದರು. ಮೂರನೆಯದಕ್ಕೆ ಕೆಲವು ಊರುಗಳಲ್ಲಿ ಉತ್ತರವೇ ಸಿಗುತ್ತಿರಲಿಲ್ಲ. ಬ್ಲೂಮ್‌ಫಾಂಟೈನಿನ ಬ್ಯಾಂಕ್ ಹೌಸ್ ಮೇಟ್‌ಲ್ಯಾಂಡ್ ಬೀದಿಯಲ್ಲಿತ್ತು. ಮನೆ ತುಂಬ ಆಳುಕಾಳು, ದೊಡ್ಡ ತೋಟ. ಊರಿನ ಇಂಗ್ಲಿಷರು ಟೆನಿಸ್ ಆಡುತ್ತಿದ್ದರು, ಊಟಕ್ಕೆ ಕರೆಯುತ್ತಿದ್ದರು, ಕುಣಿತದ ಕೂಟ ಇಟ್ಟುಕೊಳ್ಳುತ್ತಿದ್ದರು. ಮೇಬಲ್ ಕಾಯುತ್ತಿದ್ದದ್ದು ಗಂಡನ ಮುಂದಿನ ದೀರ್ಘ ರಜೆಯನ್ನು.

ಕುರ್ಚಿಯೂ ಆರಾಮದ್ದಾಗಿರಲಿಲ್ಲ ಅನ್ನಿ. ಆರೆಂಜ್ ಫ್ರೀ ಸ್ಟೇಟ್ ಆಗ ಬ್ರಿಟಿಷರ ಆಳ್ವಿಕೆಯ ವಸಾಹತಲ್ಲ, ಡಚ್ ಮೂಲದ ಬೋಅರರ ಗಣರಾಜ್ಯ. ಅಲ್ಲಿ ಇಂಗ್ಲಿಷರ ಬ್ಯಾಂಕು ಹೊರಗಿನದು. ಅಲ್ಲಿನ ಶಾಸನಸಭೆ ವಿಶೇಷ ಅನುಮತಿ ಕೊಟ್ಟದ್ದರಿಂದ ಮಾತ್ರ ನಡೆಯುತ್ತಿತ್ತು. ಎದುರಾಳಿ, ಸ್ಥಳೀಯವಾದ ನ್ಯಾಷನಲ್ ಬ್ಯಾಂಕು. ಆರ್ಥರನಿಗಿಂತ ಮೊದಲು ಇದ್ದ ಮ್ಯಾನೇಜರು ಆ ಬ್ಯಾಂಕಿಗೇ ಹಾರಿದ್ದ. ಅವನ ಹಿಂದೆ ಖಾತೆದಾರರೂ ಹೋಗದ ಹಾಗೆ ಹಿಡಿದಿಟ್ಟುಕೊಳ್ಳುವುದೇ ಹೊಸ ಮ್ಯಾನೇಜರನ ಮೊದಲ ಕೆಲಸವಾಯಿತು. ದೊಡ್ಡ ಠೇವಣಿದಾರ ಎದುರಿನ ಬ್ಯಾಂಕಿನ ಮೆಟ್ಟಿಲು ಹತ್ತಿದ ಸುದ್ದಿ ಬಂದ ದಿನ ಒಬ್ಬ ಮ್ಯಾನೇಜರಿಗೆ ರಾತ್ರಿ ಊಟ ಸೇರುವುದಿಲ್ಲ ಎಂಬುದನ್ನು ನಾನು ಚಿಕ್ಕವಳಿದ್ದಾಗಲೇ ಕಂಡಿದ್ದೇನೆ. ಜೊತೆಗೆ ಭಾಷೆಯ ತೊಂದರೆ. ಸರ್ಕಾರದ ವ್ಯವಹಾರವೆಲ್ಲ ಡಚ್ ಭಾಷೆಯಲ್ಲಿ, ಆರ್ಥರ್ ಅದನ್ನೂ ಕಲಿಯಬೇಕಾಯಿತು.

1892ರ ಜನವರಿ 3ರಂದು ಮೊದಲ ಮಗು ಹುಟ್ಟಿತು, ದಿನ ತುಂಬುವ ಮೊದಲೇ. ಮಾರನೆಯ ದಿನವೇ ಆರ್ಥರ್ ಬರ್ಮಿಂಗ್‌ಹ್ಯಾಮಿನಲ್ಲಿದ್ದ ತಾಯಿಗೆ ಕಾಗದ ಬರೆದ. ಮೇಬಲ್‌ಗೆ ರೊನಾಲ್ಡ್ ಅಂತ ಕರೆಯುವ ಆಸೆ, ತನಗೆ ಜಾನ್ ಮತ್ತು ರುಯೆಲ್ ಉಳಿಸಿಕೊಳ್ಳುವ ಆಸೆ ಅಂತ ಅದರಲ್ಲಿ ತಿಳಿಸಿದ. ಕೊನೆಗೆ ಮೂರೂ ಹೆಸರು ಉಳಿದವು. ಕರೆಯುವುದಕ್ಕೆ ಅಮ್ಮನ ಆಯ್ಕೆ, ರೊನಾಲ್ಡ್. ಅಲ್ಲಿ ಜನವರಿ ಅಂದರೆ ನಡುಬೇಸಿಗೆ. ಹಸುಗೂಸನ್ನು ಹಗಲೆಲ್ಲ ಮನೆಯೊಳಗೇ ಇಟ್ಟುಕೊಳ್ಳಬೇಕು, ಬಿಸಿಲು ಏರುವ ಮೊದಲು, ಇಳಿದ ಮೇಲೆ ಮಾತ್ರ ತೋಟಕ್ಕೆ ಕರೆತರಬೇಕು. ಆ ತೋಟದಲ್ಲಿ ಆರ್ಥರ್ ದ್ರಾಕ್ಷಿ ಬಳ್ಳಿ ನೋಡಿಕೊಳ್ಳುತ್ತಿದ್ದ. ಸೈಪ್ರೆಸ್, ಫರ್, ಸೀಡರ್ ಸಸಿಗಳನ್ನು ನೆಟ್ಟು ಒಂದು ಪುಟ್ಟ ತೋಪು ಎಬ್ಬಿಸಲು ಹೊರಟಿದ್ದ. ಬ್ಯಾಂಕಿನ ಮನೆಯ ಹಿತ್ತಲಲ್ಲಿ ಯಾರೂ ನಿಧಾನವಾಗಿ ಬೆಳೆಯುವ ಮರ ನೆಡುವುದಿಲ್ಲ. ನೆಟ್ಟನೆಂದರೆ ಅವನು ಅಲ್ಲಿ ಬಹಳ ಕಾಲ ಇರಲು ಮನಸ್ಸು ಮಾಡಿದ್ದ ಅಂತಲೇ ನಾನು ಓದಿಕೊಳ್ಳುತ್ತೇನೆ.

ಆ ವರ್ಷದ ನವೆಂಬರಿನಲ್ಲಿ ತೆಗೆಸಿದ ಒಂದು ಫೋಟೊ ಇದೆ. ಕ್ರಿಸ್ಮಸ್ ಶುಭಾಶಯದ ಜೊತೆ ಊರಿಗೆ ಕಳಿಸಲೆಂದು ತೋಟದಲ್ಲಿ ಇಡೀ ಮನೆ ನಿಂತು ತೆಗೆಸಿಕೊಂಡದ್ದು. ಆರ್ಥರ್ ಬಿಳಿ ಸೂಟು, ಹುಲ್ಲಿನ ಹ್ಯಾಟು ಹಾಕಿ ಠೀವಿಯಿಂದ ನಿಂತಿದ್ದಾನೆ. ಮೇಬಲ್ ಕುಳಿತಿದ್ದಾಳೆ. ದಾದಿಯ ಕೈಯಲ್ಲಿ ಮಗು. ಹಿಂದೆ ಇಬ್ಬರು ಕಪ್ಪು ಜನ, ಮನೆಗೆಲಸದ ಹೆಂಗಸು ಮತ್ತು ಐಸಾಕ್ ಎಂಬ ಕೆಲಸದ ಹುಡುಗ. ಕುಟುಂಬದ ಫೋಟೊದಲ್ಲಿ ಆಳುಗಳನ್ನು ನಿಲ್ಲಿಸಿಕೊಳ್ಳುವುದು ಆ ಊರಿನಲ್ಲಿ ಸಾಮಾನ್ಯವಲ್ಲ. ಬೋಅರರು ಆಫ್ರಿಕದವರನ್ನು ನಡೆಸಿಕೊಳ್ಳುವ ರೀತಿ ಮೇಬಲ್‌ಗೆ ಸಹಿಸುತ್ತಿರಲಿಲ್ಲ.

ಈ ಐಸಾಕ್ ಒಂದು ದಿನ ಯಾರಿಗೂ ಹೇಳದೆ ಮಗುವನ್ನು ಎತ್ತಿಕೊಂಡು ತನ್ನ ಹಟ್ಟಿಗೆ ಹೋದ. ಬಿಳಿ ಕೂಸು ಹೇಗಿರುತ್ತದೆ ಅಂತ ತನ್ನ ಜನಕ್ಕೆ ತೋರಿಸುವ ಸಡಗರ ಅವನಿಗೆ. ಮನೆಯಲ್ಲಿ ಹಾಹಾಕಾರ. ಮಗುವನ್ನು ವಾಪಸು ತಂದ, ಏನೂ ಆಗಿರಲಿಲ್ಲ. ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಮುಂದೆ ಐಸಾಕ್ ತನ್ನ ಮಗನಿಗೆ ಇಟ್ಟ ಹೆಸರು: ಐಸಾಕ್ ಮಿಸ್ಟರ್ ಟೋಲ್ಕಿನ್ ವಿಕ್ಟರ್. ವಿಕ್ಟರ್ ಅನ್ನುವುದು ವಿಕ್ಟೋರಿಯ ರಾಣಿಯ ಗೌರವಕ್ಕೆ. ಇದನ್ನು ತಮಾಷೆಯ ಪ್ರಸಂಗವೆಂದು ಹೇಳುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಹಗಲೆಲ್ಲ ಎತ್ತಿ ಆಡಿಸುವ ಕೂಸನ್ನು ಒಂದು ದಿನ ತನ್ನ ಮನೆಯವರ ಮಡಿಲಿಗೂ ಹಾಕಬೇಕು ಅನ್ನಿಸಿದ್ದರಲ್ಲಿ ದೊಡ್ಡ ಪ್ರೀತಿ ಇದೆ. ತನ್ನ ಮಗನಿಗೆ ಧಣಿಯ ಹೆಸರನ್ನೂ ರಾಣಿಯ ಹೆಸರನ್ನೂ ಇಡುವುದರಲ್ಲಿ ಆ ಕಾಲದ ಅಧಿಕಾರದ ಏಣಿ ಪೂರ್ತಿ ಕಾಣಿಸುತ್ತದೆ.

ಆ ಏಣಿಯಲ್ಲಿ ನಮ್ಮವರಿಗೆ ಮೆಟ್ಟಿಲೇ ಇರಲಿಲ್ಲ. ಮೇಬಲ್ ಮದುಮಗಳಾಗಿ ಬ್ಲೂಮ್‌ಫಾಂಟೈನಿಗೆ ಬಂದ 1891ರಲ್ಲೇ ಆರೆಂಜ್ ಫ್ರೀ ಸ್ಟೇಟ್ ಭಾರತೀಯರು ಅಲ್ಲಿ ನೆಲೆಸಿ ವ್ಯಾಪಾರ ಮಾಡದಂತೆ ಕಾನೂನು ಗಟ್ಟಿಮಾಡಿತು. ಅಂಗಡಿ ಇಟ್ಟಿದ್ದವರು ಬಾಗಿಲು ಹಾಕಿ ಹೊರಡಬೇಕಾಯಿತು. ಹೋಟೆಲಿನಲ್ಲಿ ಬಡಿಸುವಂಥ ಕೆಲಸಗಳಿಗಷ್ಟೇ ಜಾಗ. ಆ ನಿರ್ಬಂಧ ಪೂರ್ತಿ ತೊಲಗಿದ್ದು 1986ರಲ್ಲಿ. ಇಂಗ್ಲೆಂಡಿನ ಗುಮಾಸ್ತ ಸಂಬಳ ಹುಡುಕಿಕೊಂಡು ಸಮುದ್ರ ದಾಟಿದರೆ ಮನೆ, ತೋಟ, ಆಳುಕಾಳು. ಗುಜರಾತಿನ ವ್ಯಾಪಾರಿ ಅದೇ ಸಮುದ್ರ ದಾಟಿ ಬಂದರೆ ಗಡೀಪಾರು. ಬ್ಯಾಂಕ್ ಹೌಸಿನ ಸುಖದುಃಖ ಹೇಳುವಾಗ ಇದನ್ನು ಬಿಟ್ಟು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಪಕ್ಕದ ಮನೆಯವರು ಕೋತಿ ಸಾಕಿದ್ದರು. ಅವು ಒಮ್ಮೆ ಗೋಡೆ ಹಾರಿ ಬಂದು ಮಗುವಿನ ಮೂರು ಅಂಗಿಗಳನ್ನು ಅಗಿದು ಹಾಕಿದವು. ಸೌದೆಕೊಟ್ಟಿಗೆಯಲ್ಲಿ ಹಾವು. ರೊನಾಲ್ಡ್ ಆಗತಾನೇ ನಡೆಯಲು ಕಲಿತಿದ್ದಾಗ ತೋಟದ ಎತ್ತರದ ಹುಲ್ಲಿನಲ್ಲಿ ದೊಡ್ಡ ಜೇಡವೊಂದನ್ನು ತುಳಿದ, ಅದು ಕಚ್ಚಿತು. ಮಗು ಕಿರುಚುತ್ತ ಓಡಿತು. ದಾದಿ ಹಿಡಿದೆತ್ತಿ ಗಾಯಕ್ಕೆ ಬಾಯಿ ಹಚ್ಚಿ ವಿಷ ಹೀರಿ ಉಗಿದಳು. ದೊಡ್ಡವನಾದ ಮೇಲೆ ಅವನಿಗೆ ಉರಿಬಿಸಿಲು ನೆನಪಿತ್ತು, ಒಣಹುಲ್ಲಿನಲ್ಲಿ ಓಡಿದ್ದು ನೆನಪಿತ್ತು, ಜೇಡ ನೆನಪಿರಲಿಲ್ಲ. ಅವನ ಕಥೆಗಳಲ್ಲಿ ಬರುವ ರಾಕ್ಷಸ ಜೇಡಗಳಿಗೆ ಇದೇ ಮೂಲವೆಂದು ಊಹಿಸುವವರು ಬಹಳ. ಅವನು ಮಾತ್ರ ತನಗೆ ಜೇಡಗಳ ಮೇಲೆ ದ್ವೇಷವೇನೂ ಇಲ್ಲ, ಸ್ನಾನದ ತೊಟ್ಟಿಗೆ ಬಿದ್ದವನ್ನು ಎತ್ತಿ ಬಿಡುತ್ತೇನೆ ಅಂತ ಬರೆದಿದ್ದಾನೆ. ನಾನು ನೆನೆಯುವುದು ಆ ದಾದಿಯ ಸಮಯಪ್ರಜ್ಞೆಯನ್ನು.

1894ರ ಫೆಬ್ರುವರಿಯಲ್ಲಿ ಎರಡನೆಯ ಮಗ ಹಿಲರಿ ಹುಟ್ಟಿದ. ಅವನು ಗಟ್ಟಿಮುಟ್ಟು. ರೊನಾಲ್ಡ್‌ಗೆ ಮಾತ್ರ ಬೇಸಿಗೆ ಬಂತೆಂದರೆ ಜ್ವರ. ಹಲ್ಲು ಬರುವಾಗಲಂತೂ ಡಾಕ್ಟರು ದಿನಾ ಬರಬೇಕಾಯಿತು. ಮೇಬಲ್‌ಳ ಅಕ್ಕ ಮೇ ಕೆಲವು ಕಾಲ ಬಂದಿದ್ದಳು, ಅವಳ ಗಂಡ ಗಣಿ ವ್ಯವಹಾರ ನೋಡಿಕೊಂಡು ತಿರುಗುತ್ತಿದ್ದಾಗ ಇವಳಿಗೆ ತವರಿನ ಮಾತು ಸಿಕ್ಕಿತು. ಆ ವರ್ಷದ ನವೆಂಬರಿನಲ್ಲಿ ಮೇಬಲ್ ಮಕ್ಕಳನ್ನು ಕೇಪ್ ಕಡೆಯ ಸಮುದ್ರ ತೀರಕ್ಕೆ ಕರೆದುಕೊಂಡು ಹೋಗಿ ತಂಪಿನಲ್ಲಿಟ್ಟಳು. ಆರ್ಥರ್ ಜೊತೆಗೆ ಹೋಗಲಿಲ್ಲ, ಬ್ಯಾಂಕು.

ಆಮೇಲಿನ ಯೋಚನೆ ಇಡೀ ಕುಟುಂಬ ಇಂಗ್ಲೆಂಡಿಗೆ ಹೋಗಿಬರುವುದು. ಆರ್ಥರನಿಗೆ ರಜೆ ಬರಬೇಕಿತ್ತು. ಆದರೆ ಬ್ಯಾಂಕು ಕೈಹಾಕಿದ್ದ ಒಂದು ರೈಲ್ವೆ ಯೋಜನೆಯ ವ್ಯವಹಾರ ಬಿಟ್ಟು ಹೋಗಲು ಅವನಿಗೆ ಧೈರ್ಯವಾಗಲಿಲ್ಲ. ನೀವು ಮುಂದೆ ಹೋಗಿರಿ, ನಾನು ಹಿಂದಿನಿಂದ ಬಂದು ಸೇರಿಕೊಳ್ಳುತ್ತೇನೆ ಅನ್ನುವುದು ತೀರ್ಮಾನವಾಯಿತು. ಬ್ಯಾಂಕಿನ ಮನೆಗಳಲ್ಲಿ ಈ ತೀರ್ಮಾನ ಎಷ್ಟು ಸಲ ಆಗುತ್ತದೋ! ಅಜ್ಜಿ ಹಾಸಿಗೆ ಹಿಡಿದ ವರ್ಷ ನಮ್ಮ ಮನೆಯಲ್ಲೂ ಆಯಿತು. ಅಪ್ಪನಿಗೆ ಮೇಲಿನವರು ಆಡಿಟ್ ಮುಗಿಯಲಿ ಅಂದರು. ಅಮ್ಮ, ನಾನು, ತಮ್ಮ ರಾತ್ರಿ ಬಸ್ಸಿಗೆ ಊರಿಗೆ ಹೊರಟೆವು. ಆಡಿಟ್ ಮುಗಿಸಿ ಅಪ್ಪ ಬರುವ ಹೊತ್ತಿಗೆ ಅಂಗಳದಲ್ಲಿ ಚಪ್ಪರ ಹಾಕಿ, ವೈಕುಂಠ ಸಮಾರಾಧನೆಗೆ ಅಡಿಗೆಯವರು ಒಲೆ ಹೂಡುತ್ತಿದ್ದರು. ಅಪ್ಪ ಚಪ್ಪಲಿ ಬಿಟ್ಟು, ಕೈಯಲ್ಲಿದ್ದ ಬ್ಯಾಗನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು. ಅವರು ಆ ದಿನದ ಬಗ್ಗೆ ಒಮ್ಮೆಯೂ ಮಾತಾಡಲಿಲ್ಲ. ಆರ್ಥರ್ ಪೆಟ್ಟಿಗೆಯ ಮೇಲೆ ಹೆಸರು ಬರೆಯುವುದನ್ನು ಊಹಿಸಿಕೊಂಡಾಗಲೆಲ್ಲ ನನಗೆ ಅಪ್ಪನ ಆ ಬ್ಯಾಗು ಕಾಣುತ್ತದೆ.

‘ಗೆಲ್ಫ್’ ಎಂಬ ಹಡಗಿನಲ್ಲಿ ಸುಮಾರು ಮೂರು ವಾರ. ಬರ್ಮಿಂಗ್‌ಹ್ಯಾಮಿನಲ್ಲಿ ಅಜ್ಜನ ಮನೆ. ತವರಿನ ಗಾಳಿಗೆ ರೊನಾಲ್ಡ್ ಮೈ ಕೈ ತುಂಬಿಕೊಂಡ. ಆರ್ಥರನ ಕಾಗದಗಳು ಬರುತ್ತಿದ್ದವು: ಬರುತ್ತೇನೆ, ಇನ್ನು ಸ್ವಲ್ಪ ದಿನ. ನವೆಂಬರಿನಲ್ಲಿ ಬಂದ ಸುದ್ದಿ ಬೇರೆ. ಅವನಿಗೆ ಸಂಧಿವಾತದ ಜ್ವರ. ಸ್ವಲ್ಪ ಗುಣವಾಗಿದೆ, ಆದರೆ ಇಂಗ್ಲೆಂಡಿನ ಚಳಿಗಾಲಕ್ಕೆ ಬರುವಂತಿಲ್ಲ. ಆ ಕ್ರಿಸ್ಮಸ್ಸಿಗೆ ಮಕ್ಕಳು ಮೊದಲ ಸಲ ಚಳಿಯ ಹಬ್ಬ, ನಿಜವಾದ ಕ್ರಿಸ್ಮಸ್ ಮರ ಕಂಡರು. ಹಿಂದಿನ ವರ್ಷ ಬಿಸಿಲಿಗೆ ಬಾಡಿ ಜೋತುಬಿದ್ದಿದ್ದ ನೀಲಗಿರಿ ಮರ ರೊನಾಲ್ಡ್‌ನ ನೆನಪಿನಲ್ಲಿತ್ತು. ಜನವರಿ ಬಂದರೂ ಆರ್ಥರ್ ಚೇತರಿಸಿಕೊಳ್ಳಲಿಲ್ಲ. ಮೇಬಲ್ ತಾನೇ ಹಿಂತಿರುಗಿ ಹೋಗಿ ಅವನನ್ನು ನೋಡಿಕೊಳ್ಳಬೇಕೆಂದು ನಿಶ್ಚಯಿಸಿದಳು. ಹಿಡಿಸದ ಊರು, ಮಗುವಿಗೆ ಆಗದ ಹವೆ, ಆದರೂ ಹೊರಡಲು ಸಿದ್ಧವಾದಳು.

ಹಣದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆರ್ಥರ್ ಬಿಟ್ಟುಹೋದದ್ದು ಹೆಚ್ಚೇನಲ್ಲ. ಬೊನಾಂಜಾ ಗಣಿಯಲ್ಲಿ ಹೂಡಿದ ಷೇರಿನಿಂದ ವಾರಕ್ಕೆ 30 ಷಿಲಿಂಗ್ ಲಾಭಾಂಶ ಬರುತ್ತಿತ್ತು. ಅದರಲ್ಲಿ ಮೂರು ಜನ ಬದುಕಬೇಕು. ಮನೆ ಬ್ಯಾಂಕಿನದು, ಹುದ್ದೆ ಹೋದ ಕೂಡಲೇ ಅದೂ ಹೋಯಿತು. ಮರದ ಸಸಿಗಳು ಇನ್ನೊಬ್ಬ ಮ್ಯಾನೇಜರನ ಪಾಲಾದವು. ಮೇಬಲ್ 1896ರ ಬೇಸಿಗೆಯಲ್ಲಿ ಊರ ಹೊರಗೆ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ಸಣ್ಣ ಮನೆ ಹಿಡಿದಳು. ಮಕ್ಕಳಿಗೆ ಲ್ಯಾಟಿನ್, ಫ್ರೆಂಚ್ ತಾನೇ ಹೇಳಿಕೊಟ್ಟಳು. 1904ರಲ್ಲಿ ಸಕ್ಕರೆ ಕಾಯಿಲೆಯಲ್ಲಿ ಅವಳೂ ತೀರಿಕೊಂಡಳು. ಇನ್‌ಸುಲಿನ್ ಬರಲು ಇನ್ನೂ ಹದಿನೇಳು ಹದಿನೆಂಟು ವರ್ಷ ಬಾಕಿಯಿತ್ತು. ಬ್ಯಾಂಕ್ ಆಫ್ ಆಫ್ರಿಕ 1912ರಲ್ಲಿ ಇನ್ನೊಂದು ಬ್ಯಾಂಕಿನೊಳಗೆ ಕರಗಿತು.

1896ರ ಫೆಬ್ರುವರಿ 14. ಅಮ್ಮ ಪ್ರಯಾಣಕ್ಕೆ ತಯಾರಾಗುತ್ತಿದ್ದಾಳೆ. ನಾಲ್ಕು ವರ್ಷದ ರೊನಾಲ್ಡ್‌ಗೆ ಬರೆಯಲು ಇನ್ನೂ ಬಾರದು, ಮನೆಯಲ್ಲಿದ್ದ ದಾದಿ ಅವನು ಹೇಳಿದ್ದನ್ನು ಬರೆದುಕೊಳ್ಳುತ್ತಾಳೆ. ಅಪ್ಪನಿಗೆ ಕಾಗದ. ನಾನು ನಿನ್ನ ಹತ್ತಿರ ವಾಪಸು ಬರುತ್ತಿದ್ದೇನೆ, ನನಗೆ ದೊಡ್ಡವರ ಹಾಗಿನ ಕೋಟು ಹೊಲಿಸಿದ್ದಾರೆ, ನೀನು ನನ್ನ ಗುರುತು ಹಿಡಿಯಲಾರೆ, ಅಂತೆಲ್ಲ ಅದರಲ್ಲಿದೆ. ಅದೇ ದಿನ ತಂತಿ ಬಂತು. ಆರ್ಥರನಿಗೆ ತೀವ್ರ ರಕ್ತಸ್ರಾವ, ಕೆಟ್ಟದ್ದಕ್ಕೆ ಸಿದ್ಧವಾಗಿರಿ ಅಂತ. ಮಾರನೆಯ ದಿನ ಅವನು ತೀರಿಕೊಂಡ, ನಲವತ್ತು ತುಂಬಿರಲಿಲ್ಲ. ವಿವರವಾದ ಕಾಗದ ಮೇಬಲ್ ಕೈಸೇರುವ ಮೊದಲೇ ಬ್ಲೂಮ್‌ಫಾಂಟೈನಿನಲ್ಲಿ ಅವನ ಮಣ್ಣಾಗಿತ್ತು. ಮಗ ಬರೆಸಿದ ಕಾಗದವನ್ನು ಅಂಚೆಗೆ ಹಾಕಲಿಲ್ಲ.